ಅಳತೆಗೆ ತಕ್ಕ ರೈಫಲ್ ಕಟ್ಟಬಲ್ಲ ಕುಶಲಕರ್ಮಿಗಳು ನಮ್ಮಲ್ಲಿ ಎಲ್ಲಿದ್ದಾರೆ?

ಬೇತ್ರಿ ಬೆಳೆಗಾರ:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಬಂದಿರುವ ಒಂದು ಮೌಸರ್ ರೈಫಲ್ ಇದೆ. ಬೋರ್ (ನಳಿಗೆಯ ಒಳಗಾತ್ರ) .275, ಅಂದರೆ 7×57 ಮಿ.ಮೀ. ತೋಟಾ ಹಾಕುವಂಥದ್ದು. ತಂದೆಯವರ ನಂತರ ವಾರಸುದಾರನಾಗಿ ನನ್ನ ಹೆಸರಿಗೆ ದಾಖಲೆಗಳೆಲ್ಲ ಕ್ರಮಬದ್ಧವಾಗಿ ವರ್ಗಾವಣೆಯಾಗಿವೆ. ಕೊಡಗಿನ ಆಯುಧಪೂಜೆಯ ಹಬ್ಬವಾದ ಕೈಲ್ ಪೊಳ್ದಿನ ದಿನ ತೋಕ್ ಪೂ (ಕೋವಿ ಹೂವು) ಇಟ್ಟು ಪೂಜಿಸುವ ಕೋವಿಗಳಲ್ಲಿ ಇದೂ ಒಂದು. ಆದರೆ ಕೆಲವು ವರ್ಷಗಳಿಂದ ಇದರ ಮರದ ಹಿಡಿ ಕತ್ತಿನ ಭಾಗದಲ್ಲಿ, ಅಂದರೆ ಟ್ರಿಗರ್ ಹಿಂದೆ ಕೈಯಿಂದ ಹಿಡಿಯುವ ತೆಳುವಾದ ಜಾಗದಲ್ಲಿ, ಬಿರುಕು ಬಿಟ್ಟಿದೆ. ಅಜ್ಜನವರು ಆರಡಿ ಮೀರಿದ ಆಳಾಗಿದ್ದರು, ನಾನು ಅಷ್ಟು ಎತ್ತರದವನಲ್ಲ. ಹೀಗಾಗಿ ಹಿಡಿ ನನ್ನ ಭುಜಕ್ಕೆ ಸರಿಯಾಗಿ ಕೂರುವುದೇ ಇಲ್ಲ. ಈ ಮೌಸರ್ ಆ್ಯಕ್ಷನ್ ಅನ್ನು (ತೋಟಾವನ್ನು ನಳಿಗೆಗೆ ತಳ್ಳಿ ಸಿಡಿಸುವ ಕಬ್ಬಿಣದ ಯಂತ್ರಭಾಗ) ಇಟ್ಟುಕೊಂಡು, ನನ್ನ ಅಳತೆಗೆ ಹೊಸ ಮರ, ಅಗತ್ಯವಿದ್ದರೆ ಹೊಸ ನಳಿಗೆಯನ್ನೂ ಹಾಕಿಸಿ, ಕ್ಲಬ್ಬಿನ ಗುರಿ ಅಭ್ಯಾಸಕ್ಕೆ ಬಳಸಬೇಕೆಂಬುದು ನನ್ನ ಆಸೆ.

ನನ್ನ ಪ್ರಶ್ನೆ ಇಷ್ಟೇ. ಇಂಥ ಕೆಲಸವನ್ನು ಕಾನೂನಿನ ಚೌಕಟ್ಟಿನಲ್ಲಿಯೇ, ಕೈಚಳಕದಿಂದ ಮಾಡಬಲ್ಲವರು ಇಂದು ಭಾರತದಲ್ಲಿ ಇದ್ದಾರೆಯೇ? ಇದ್ದರೆ ಒಳ್ಳೆಯ ಕುಶಲಕರ್ಮಿಯನ್ನು ಗುರುತಿಸುವ ಬಗೆ ಹೇಗೆ? ವಿಳಾಸಗಳನ್ನು ಯಾರೂ ಇಲ್ಲಿ ಹಾಕಬೇಕಾಗಿಲ್ಲ. ಹುಡುಕುವ ದಾರಿಯನ್ನು ತಿಳಿಸಿದರೆ ಸಾಕು.

ಕಾನೂನು ಓದುಗ:

ಬೆಳೆಗಾರರೇ, ಕೈಚಳಕದ ಮಾತು ಬಲ್ಲವರು ಹೇಳಲಿ. ಅದಕ್ಕೂ ಮೊದಲು ತಿಳಿಯಬೇಕಾದ ಒಂದು ಸಂಗತಿಯನ್ನು ನಾನು ಹೇಳುತ್ತೇನೆ, ಏಕೆಂದರೆ ಕೊಡಗಿನ ಅನೇಕರಲ್ಲಿ ಈ ವಿಷಯದಲ್ಲಿ ಒಂದು ತಪ್ಪು ಗ್ರಹಿಕೆ ಇದೆ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯ ಭೂ) ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳ ಮಟ್ಟಿಗೆ, ಅಂದರೆ 2029ರ ಅಕ್ಟೋಬರ್‌ವರೆಗೆ ಮುಂದುವರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 3 ಮತ್ತು 4ನೆಯ ಸೆಕ್ಷನ್‌ಗಳಿಗೆ ಮಾತ್ರ ಸಂಬಂಧಿಸಿದ್ದು, ಅಂದರೆ ಕೋವಿಯನ್ನು ಹೊಂದಿರುವುದಕ್ಕೆ ಮತ್ತು ಒಯ್ಯುವುದಕ್ಕೆ. ತಯಾರಿಕೆ, ಮಾರಾಟ, ಪರಿವರ್ತನೆ, ದುರಸ್ತಿ, ಪರೀಕ್ಷೆ ಇವೆಲ್ಲವೂ 5ನೆಯ ಸೆಕ್ಷನ್‌ನಲ್ಲಿ ಬರುತ್ತವೆ, ಮತ್ತು ಅಲ್ಲಿ ಕೆಲಸ ಮಾಡುವವನಿಗೆ ಪರವಾನಗಿ ಇರಲೇಬೇಕು. ಕೋವಿಯ ಒಡೆಯನಿಗೆ ವಿನಾಯಿತಿ ಇದೆ ಎಂದ ಮಾತ್ರಕ್ಕೆ ಅದನ್ನು ಬಿಚ್ಚಿ ರಿಪೇರಿ ಮಾಡುವವನಿಗೆ ವಿನಾಯಿತಿ ಸಿಗುವುದಿಲ್ಲ.

ಇನ್ನೊಂದು ಮಾತು. ಕಾಯ್ದೆಯಲ್ಲಿ ಶಸ್ತ್ರದ ವ್ಯಾಖ್ಯೆ ಅದರ ಬಿಡಿಭಾಗಗಳನ್ನೂ ಒಳಗೊಳ್ಳುತ್ತದೆ. ನಳಿಗೆ ಬದಲಾಯಿಸುವುದೆಂದರೆ ಕೇವಲ ರಿಪೇರಿಯಲ್ಲ. ನಿಮ್ಮ ದಾಖಲೆಯಲ್ಲಿರುವ ಬೋರ್ ಮತ್ತು ಸಂಖ್ಯೆಗೆ ಅದು ನೇರವಾಗಿ ತಾಗುತ್ತದೆ. ಆದ್ದರಿಂದ ಅಂಥ ಕೆಲಸಕ್ಕೆ ಕೈ ಹಾಕುವ ಮುನ್ನ ಜಿಲ್ಲಾಧಿಕಾರಿಗಳ ಕಚೇರಿಯಿಂದ ಲಿಖಿತ ಅನುಮತಿ ಪಡೆಯಬೇಕು. 2019ರ ತಿದ್ದುಪಡಿಯ ನಂತರ ಅಕ್ರಮ ತಯಾರಿಕೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆ ಇದೆ. ನಿಮ್ಮ ಹುಡುಕಾಟ ದುರಸ್ತಿ ಪರವಾನಗಿ ಇರುವವರಿಂದಲೇ ಆರಂಭವಾಗಲಿ.

ತೀರ್ಥಹಳ್ಳಿ ತೋಟ:

ಕಾನೂನು ಓದುಗರ ಮಾತಿಗೆ ಅಡ್ಡಿಯಿಲ್ಲ, ಆದರೂ ನನ್ನ ಮನಸ್ಸಿನ ನೋವನ್ನು ಹೇಳಲೇಬೇಕು. ನಮ್ಮ ಮಲೆನಾಡಿನಲ್ಲಿ ಬೆಳೆ ರಕ್ಷಣೆಗೆಂದು ಒಂಟಿ ನಳಿಗೆ, ಜೋಡು ನಳಿಗೆ ಕೋವಿಗಳನ್ನು ಇಟ್ಟುಕೊಂಡಿರುವ ಅಡಿಕೆ ಬೆಳೆಗಾರರು ಬಹಳ ಮಂದಿ ಇದ್ದಾರೆ. ಚುನಾವಣೆ ಬಂದಾಗಲೆಲ್ಲ ಅವನ್ನು ಠಾಣೆಯಲ್ಲಿ ಠೇವಣಿ ಇಡುತ್ತೇವೆ, ಮಳೆಗಾಲ ಸೇರಿಕೊಂಡರೆ ಹಿಂದಿರುಗುವಾಗ ನಳಿಗೆಯ ಮೇಲೆ ತುಕ್ಕು ಕಾಣಿಸುತ್ತದೆ, ಮರ ಊದಿಕೊಂಡಿರುತ್ತದೆ. ಅದನ್ನು ಸರಿಪಡಿಸಲು ಪರವಾನಗಿ ಉಳ್ಳವರನ್ನು ಹುಡುಕಿಕೊಂಡು ದೂರದ ಪಟ್ಟಣಕ್ಕೆ ಹೋಗಬೇಕು. ಆದರೆ ನಮ್ಮೂರಿನ ಆಚಾರಿಗಳ ಕೈಯನ್ನು ನೀವು ನೋಡಬೇಕು. ತೊಟ್ಟಿಮನೆಯ ಬೀಟೆ ಬಾಗಿಲವಾಡದ ಕೆತ್ತನೆಯನ್ನು ಕೂದಲೆಳೆಯ ಸಂದು ಕಾಣದಂತೆ ಕೂಡಿಸಬಲ್ಲವರು ಅವರು. ಹಿಂದೆ ಕೇಪಿನ (ಪೆಟ್ಟು ಬಿದ್ದರೆ ಸಿಡಿದು ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆಯ) ಕೋವಿಗಳಿಗೆ ಹಿಡಿ ಮಾಡುತ್ತಿದ್ದುದೂ ಅವರ ಹಿರಿಯರೇ. ಅಂಥ ಕೈಗಳು ಹಳ್ಳಿಯಲ್ಲೇ ಇರುವಾಗ ನಾವು ಬೇರೆಲ್ಲೋ ಹುಡುಕುತ್ತಿರುವುದು ನನಗೆ ಸಂಕಟ ತರುತ್ತದೆ. ಆ ಆಚಾರಿಗಳಿಗೆ ಮರದ ಕೆಲಸಕ್ಕಷ್ಟೇ ಸೀಮಿತವಾದ ಒಂದು ಸುಲಭ ಪರವಾನಗಿ ಸಿಗುವಂತಾಗಬೇಕು ಎಂಬುದು ನನ್ನ ಅಭಿಪ್ರಾಯ.

ಕಾನೂನು ಓದುಗ:

ತೋಟದವರೇ, ನಿಮ್ಮ ಕಾಳಜಿ ನ್ಯಾಯವಾದದ್ದು. ಆದರೆ ಇಂದಿನ ಸ್ಥಿತಿಯಲ್ಲಿ ಪರವಾನಗಿ ಇಲ್ಲದ ಬಡಗಿಯ ಬಳಿ ಕೋವಿಯನ್ನು ಬಿಟ್ಟು ಬರುವುದೆಂದರೆ ಶಸ್ತ್ರವನ್ನು ಅವರ ವಶಕ್ಕೆ ಒಪ್ಪಿಸಿದಂತೆಯೇ ಆಗುತ್ತದೆ. ಮೊಕದ್ದಮೆ ಬಂದರೆ ಒಡೆಯನ ಜೊತೆಗೆ ಆ ಬಡಪಾಯಿ ಕುಶಲಕರ್ಮಿಯೂ ಸಿಲುಕಿಕೊಳ್ಳುತ್ತಾನೆ. ಪರವಾನಗಿ ಉಳ್ಳ ಅಂಗಡಿಯೊಂದು ಅಂಥ ಆಚಾರಿಯನ್ನು ತನ್ನ ನೌಕರನನ್ನಾಗಿ ಸೇರಿಸಿಕೊಂಡು, ತನ್ನ ಆವರಣದಲ್ಲೇ ಕೆಲಸ ಮಾಡಿಸಿದರೆ ಕೈಯೂ ಉಳಿಯುತ್ತದೆ, ಕಾನೂನೂ ಉಳಿಯುತ್ತದೆ.

ಟೂಲ್‌ರೂಮ್ ನಿವೃತ್ತ:

ಬೆಂಗಳೂರಿನ ಕಾರ್ಖಾನೆಯೊಂದರ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾದವನು ನಾನು. ಗುರಿ ಅಭ್ಯಾಸದ ಕ್ಲಬ್ಬಿನ ಸದಸ್ಯನೂ ಹೌದು. ರೈಫಲ್ ಕಟ್ಟುವವರನ್ನು ಹುಡುಕುವಾಗ ಎಲ್ಲವನ್ನೂ ಬಲ್ಲ ಒಬ್ಬನೇ ಒಬ್ಬ ಮಾಂತ್ರಿಕನಿಗಾಗಿ ಹುಡುಕುವುದು ಸರಿಯಲ್ಲ ಎಂಬುದು ನನ್ನ ದೃಢವಾದ ನಂಬಿಕೆ. ಲಂಡನ್ನಿನ ಹೆಸರಾಂತ ಕೋವಿ ತಯಾರಿಕೆಯ ಮನೆಗಳಲ್ಲಿಯೂ, 1814ರಲ್ಲಿ ಆರಂಭವಾದ ಪರ್ಡಿ ಇರಲಿ, 1835ರ ಹಾಲೆಂಡ್ ಆ್ಯಂಡ್ ಹಾಲೆಂಡ್ ಇರಲಿ, ನಳಿಗೆ ಮಾಡುವವನು ಬೇರೆ, ಆ್ಯಕ್ಷನ್ ಕೂಡಿಸುವವನು ಬೇರೆ, ಮರ ಕೂರಿಸುವವನು ಬೇರೆ, ಕೆತ್ತುವವನು ಬೇರೆ, ಕೊನೆಗೆ ಒಪ್ಪ ಕೊಡುವವನೇ ಬೇರೆ. ಒಬ್ಬೊಬ್ಬನೂ ತನ್ನ ಒಂದು ಕೆಲಸದಲ್ಲೇ ಜೀವನವನ್ನು ಸವೆಸಿರುತ್ತಾನೆ. ಆದ್ದರಿಂದ ನಿಮ್ಮ ರೈಫಲ್ಲಿಗೆ ಯಾವ ಕೈ ಬೇಕು ಎಂಬುದನ್ನು ಮೊದಲು ತೀರ್ಮಾನಿಸಬೇಕು.

ನೀವು ಬರೆದುದನ್ನು ನೋಡಿದರೆ ನಿಮಗೆ ಬೇಕಾಗಿರುವುದು ಮರದ ಕೈ. ಮೌಸರ್ 98ರ ಕಬ್ಬಿಣ ಸುಮ್ಮನೆ ಕೆಡುವಂಥದ್ದಲ್ಲ. 1898ರಲ್ಲಿ ಬಂದ ಆ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಇಂದಿಗೂ ದುಬಾರಿ ರೈಫಲ್‌ಗಳನ್ನು ಕಟ್ಟುತ್ತಾರೆ. ಕತ್ತಿನಲ್ಲಿ ಬಿದ್ದಿರುವ ಬಿರುಕಿನ ಕಾರಣವನ್ನು ಯೋಚಿಸಿ. ಈಡು ಹೊಡೆದಾಗ ರೈಫಲ್ ಒದೆಯುತ್ತದೆ. ಆ ಒದೆತವನ್ನು ಆ್ಯಕ್ಷನ್ನಿನ ಮುಂಭಾಗದ ಕೆಳಗಿರುವ ದಪ್ಪ ಕಬ್ಬಿಣದ ಲಗ್ ತಾನು ಪಡೆದು ಮರಕ್ಕೆ ದಾಟಿಸಬೇಕು. ಮರ ಒಣಗಿಯೋ ಎಣ್ಣೆ ಕುಡಿದು ಮೆತ್ತಗಾಗಿಯೋ ಆ ಜಾಗದಲ್ಲಿ ಸಡಿಲವಾದರೆ ಇಡೀ ಆ್ಯಕ್ಷನ್ ಹಿಂದಕ್ಕೆ ಜಾರಿ, ಅದರ ಬಾಲದ ತುದಿ ಕತ್ತಿನ ಮರಕ್ಕೆ ಬಡಿಯುತ್ತದೆ. ಹಾಗೆ ಬಡಿದೂ ಬಡಿದೂ ಮರ ಎಳೆಯುದ್ದಕ್ಕೆ ಸೀಳುತ್ತದೆ. ಈ ಕಾರಣವನ್ನು ಅರಿಯದವನು ಎಷ್ಟೇ ಚಂದದ ಹೊಸ ಹಿಡಿ ಮಾಡಿಕೊಟ್ಟರೂ ಅದು ಮತ್ತೆ ಅಲ್ಲಿಯೇ ಸೀಳುವುದು ಖಚಿತ. ನೀವು ಭೇಟಿಯಾಗುವ ಕುಶಲಕರ್ಮಿಗೆ ಬಿರುಕನ್ನು ತೋರಿಸಿ, ಏಕೆ ಹೀಗಾಯಿತು ಎಂದು ಕೇಳಿ. ಅವನು ಲಗ್ ಕಡೆಗೆ ನೋಡಿದರೆ ಅವನ ಜೊತೆ ಮಾತು ಮುಂದುವರಿಸಬಹುದು. ಬಿರುಕಿಗೆ ಅಂಟು ಹಾಕುತ್ತೇನೆಂದು ಮಾತ್ರ ಹೇಳಿದರೆ ಕೋವಿಯನ್ನು ಹಿಂದಕ್ಕೆ ತನ್ನಿ.

ಕಬ್ಬಿಣವನ್ನು ಮರದಲ್ಲಿ ಕೂರಿಸುವ ಕೆಲಸವನ್ನೂ ನೋಡಿ ಅಳೆಯಬಹುದು. ಹಳೆಯ ಪದ್ಧತಿಯವರು ಕಬ್ಬಿಣಕ್ಕೆ ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿ, ಮರದೊಳಗೆ ಒತ್ತಿ ತೆಗೆದು, ಮಸಿ ತಾಗಿದ ಕಡೆ ಮಾತ್ರ ಉಳಿಯಿಂದ ಚೂರು ಚೂರಾಗಿ ಹೆರೆಯುತ್ತಾರೆ. ಟೂಲ್‌ರೂಮಿನಲ್ಲಿ ನಾವು ನೀಲಿ ಬಣ್ಣ ಹಚ್ಚಿ ಮಾಡುತ್ತಿದ್ದುದೂ ಇದೇ ಕೆಲಸ. ಇತ್ತೀಚಿನವರು ಎಪಾಕ್ಸಿ ಬೆಡ್ಡಿಂಗ್ ಮಾಡುತ್ತಾರೆ, ಅಂದರೆ ಕಬ್ಬಿಣ ಕೂರುವ ಕುಳಿಗೆ ಗಟ್ಟಿಯಾಗುವ ರಾಳದ ಅಂಟು ಹಾಕುತ್ತಾರೆ, ಅದರಲ್ಲಿ ದೋಷವೇನಿಲ್ಲ, ನಿಮ್ಮ ಕೊಡಗಿನ ಮಳೆಗಂತೂ ಅದೇ ಒಳ್ಳೆಯದು. ಆದರೆ ಒರಟಾಗಿ ಕೊರೆದ ಕುಳಿಯನ್ನು ಮುಚ್ಚಲು ಎಪಾಕ್ಸಿ ಸುರಿದವನ ಕೆಲಸವೂ, ಸರಿಯಾಗಿ ಕೊರೆದ ಮೇಲೆ ಅದನ್ನು ತೆಳುವಾಗಿ ಹಾಕಿದವನ ಕೆಲಸವೂ ಬಿಚ್ಚಿ ನೋಡಿದಾಗ ಬೇರೆ ಬೇರೆಯಾಗಿಯೇ ಕಾಣುತ್ತವೆ. ಆದ್ದರಿಂದ ಹೊರಗಿನ ಹೊಳಪನ್ನು ನೋಡಿ ಮಾರುಹೋಗದೆ, ಅವನು ಮುಗಿಸಿರುವ ಒಂದು ರೈಫಲ್ಲನ್ನು ಬಿಚ್ಚಿ ಒಳಗನ್ನು ತೋರಿಸುವಂತೆ ವಿನಯದಿಂದ ಕೇಳಿ.

ಹತ್ತು ಮೀಟರ್:

ಟೂಲ್‌ರೂಮ್ ಸರ್ ಅವರ ಬರಹ ಓದಿ ಬಹಳ ಸಂತೋಷವಾಯಿತು. ನಾನು ಏರ್ ರೈಫಲ್ ಸ್ಪರ್ಧಿ. ಅಳತೆಯ ವಿಷಯದಲ್ಲಿ ಸ್ವಲ್ಪ ಸೇರಿಸುತ್ತೇನೆ. ನಮ್ಮ ಹತ್ತು ಮೀಟರ್ ಸ್ಪರ್ಧೆಯ ರೈಫಲ್ 5.5 ಕಿಲೋ ಮೀರುವಂತಿಲ್ಲ, ಆದರೆ ಆ ತೂಕದೊಳಗೆ ಕೆನ್ನೆಯ ಪಟ್ಟಿ, ಭುಜದ ಪಟ್ಟಿ, ಹಿಡಿಯ ಕೋನ ಎಲ್ಲವನ್ನೂ ತಿರುಪಿನಿಂದ ಹೊಂದಿಸಿಕೊಳ್ಳಬಹುದು. ಹೀಗಾಗಿ ನಮ್ಮ ಶರೀರದ ಅಳತೆ ಏನೆಂಬುದು ನಮಗೆ ಅಂಕಿಗಳಲ್ಲಿಯೇ ಗೊತ್ತಾಗಿರುತ್ತದೆ. ಮರದ ಹಿಡಿ ಮಾಡಿಸುವವರಿಗೆ ಈ ಅನುಕೂಲವಿಲ್ಲ, ಒಮ್ಮೆ ಕೆತ್ತಿದ ಮೇಲೆ ಮುಗಿಯಿತು. ಆದ್ದರಿಂದ ಬೆಳೆಗಾರರು ಮರಕ್ಕೆ ಹಣ ಕೊಡುವ ಮುನ್ನ, ಕ್ಲಬ್ಬಿನಲ್ಲಿ ಹೊಂದಿಸಬಹುದಾದ ಹಿಡಿಯಿರುವ ಒಂದು ರೈಫಲ್ಲನ್ನು ತರಬೇತುದಾರರ ಎದುರಿನಲ್ಲಿ ಭುಜಕ್ಕೇರಿಸಿ, ತಮಗೆ ಒಗ್ಗುವ ಅಳತೆಗಳನ್ನು ಬರೆದುಕೊಳ್ಳಲಿ. ಟ್ರಿಗರ್‌ನಿಂದ ಹಿಡಿಯ ಹಿಂತುದಿಯವರೆಗಿನ ಉದ್ದ, ದೃಷ್ಟಿರೇಖೆಯಿಂದ ಕೆನ್ನೆ ತಾಗುವ ಅಂಚು ಎಷ್ಟು ಕೆಳಗಿದೆ ಎಂಬುದು, ಹಿಮ್ಮಡಿಯ (ಹಿಡಿಯ ಹಿಂತುದಿಯ ಮೇಲಂಚಿನ) ಇಳಿಜಾರು, ಹಿಡಿ ಪಕ್ಕಕ್ಕೆ ಎಷ್ಟು ಬಾಗಿರಬೇಕು ಎಂಬುದು, ಇವು ಮುಖ್ಯ. ಕೆನ್ನೆ ಒಂದೇ ಜಾಗದಲ್ಲಿ ತಾನಾಗಿ ಕೂರದಿದ್ದರೆ ಕಣ್ಣು ಪ್ರತಿ ಸಲ ಬೇರೆ ಕಡೆ ನಿಲ್ಲುತ್ತದೆ, ಆಗ ಎಂಥ ನಳಿಗೆ ಇದ್ದೂ ಪ್ರಯೋಜನವಿಲ್ಲ.

ಹೆಣ್ಣುಮಕ್ಕಳಿಗೆ ಇದು ಇನ್ನೂ ಮುಖ್ಯ. ಅಂಗಡಿಯ ರೈಫಲ್‌ಗಳ ಹಿಡಿಗಳಲ್ಲಿ ಹೆಚ್ಚಿನವು ಗಂಡಸಿನ ಸರಾಸರಿ ಮೈಕಟ್ಟಿಗೆ ಮಾಡಿದಂಥವು. ನಮ್ಮ ಕುತ್ತಿಗೆ, ಭುಜದ ಇಳಿಜಾರು, ಕೈಬೆರಳಿನ ಉದ್ದ ಇವುಗಳನ್ನು ಕೇಳದೆ, ಮುಟ್ಟಿ ಅಳೆಯದೆ, ಫೋನಿನಲ್ಲೇ ಬೆಲೆ ಹೇಳಿದವರನ್ನು ನಾನು ನೋಡಿದ್ದೇನೆ. ಅಂಥವರ ಬಳಿ ನಾನಂತೂ ಹೋಗುವುದಿಲ್ಲ. ನೀವು ಯಾವ ಭಂಗಿಯಲ್ಲಿ ಹೊಡೆಯುತ್ತೀರಿ, ಎಷ್ಟು ದೂರಕ್ಕೆ, ದಪ್ಪ ಜಾಕೆಟ್ ಹಾಕುತ್ತೀರಾ ಎಂದೆಲ್ಲ ಮೊದಲು ವಿಚಾರಿಸುವವರನ್ನೇ ನಂಬಬೇಕು.

ಉಲ್ಮ್ ನಿವಾಸಿ:

ಉದ್ಯೋಗದ ನಿಮಿತ್ತ ಜರ್ಮನಿಯ ಉಲ್ಮ್ ನಗರದಲ್ಲಿ ನೆಲೆಸಿದ್ದೇನೆ. ಗುರಿ ಸ್ಪರ್ಧಿಗಳಿಗೆ ಈ ಊರಿನ ಹೆಸರು ಚಿರಪರಿಚಿತ, ಅನ್‌ಶುಟ್ಸ್ ಮತ್ತು ವಾಲ್ಥರ್ ಎಂಬ ಕೋವಿ ಕಂಪನಿಗಳೆರಡೂ ಇಲ್ಲಿವೆ. ಎರಡೂ ಮೊದಲು ಥುರಿಂಗಿಯಾದ ತ್ಸೆಲ್ಲಾ-ಮೇಲಿಸ್ ಊರಿನಲ್ಲಿದ್ದು, ಎರಡನೆಯ ಮಹಾಯುದ್ಧದ ನಂತರ ಇಲ್ಲಿಗೆ ಬಂದವು. ಯುರೋಪಿನಲ್ಲಿ ಕುಶಲಕರ್ಮಿಯನ್ನು ಹುಡುಕುವುದು ಸುಲಭವಾಗಿರುವುದಕ್ಕೆ ಕಾರಣ ಇಲ್ಲಿ ಆ ಕಸುಬಿಗೆ ಶಾಲೆ ಇದೆ, ಪರೀಕ್ಷೆ ಇದೆ, ಪದವಿ ಇದೆ ಎಂಬುದೇ. ಆಸ್ಟ್ರಿಯಾದ ಫೆರ್ಲಾಖ್ ಎಂಬ ಸಣ್ಣ ಊರಿನಲ್ಲಿ 1878ರಿಂದ ಕೋವಿ ತಯಾರಿಕೆಯ ಶಾಲೆ ನಡೆಯುತ್ತಿದೆ. ಅಲ್ಲಿ ಲೋಹದ ಕೆಲಸ, ಮರದ ಕೆಲಸ, ಕೆತ್ತನೆ ಮೂರನ್ನೂ ಕಲಿಸುತ್ತಾರೆ. ಜರ್ಮನಿಯಲ್ಲಿ ಈ ಕಸುಬಿಗೆ ಗುರುವಿನ ಬಳಿ ಕೆಲಸ ಕಲಿಯುವ ಮೂರು ವರ್ಷಗಳ ತರಬೇತಿ ಇದ್ದು, ಅದರ ಮೇಲೆ ಮೈಸ್ಟರ್ (ನಿಪುಣ ಕುಶಲಕರ್ಮಿ) ಪರೀಕ್ಷೆ ಇದೆ. ಅಮೆರಿಕದ ಕೊಲರಾಡೋದಲ್ಲಿ ಟ್ರಿನಿಡಾಡ್ ಕಾಲೇಜು 1947ರಿಂದ ಕೋವಿ ಕಟ್ಟುವ ತರಬೇತಿ ಕೊಡುತ್ತಿದೆ. ಕಲಿತವನ ಗೋಡೆಯ ಮೇಲೆ ಪ್ರಮಾಣಪತ್ರ ಇರುತ್ತದೆ, ಅವನ ಗುರು ಯಾರೆಂದು ಕೇಳಿ ತಿಳಿಯಬಹುದು.

ಅಷ್ಟೇ ಮುಖ್ಯವಾದ ಇನ್ನೊಂದು ವ್ಯವಸ್ಥೆ ಪ್ರೂಫ್ ಹೌಸ್. ಲಂಡನ್ನಿನ ಕೋವಿ ತಯಾರಕರ ಸಂಘಕ್ಕೆ 1637ರಲ್ಲಿ ರಾಜಸನದು ಸಿಕ್ಕಿತು, ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರದು. ಸಾಮಾನ್ಯಕ್ಕಿಂತ ಹೆಚ್ಚಿನ ಒತ್ತಡದ ತೋಟಾ ಹಾಕಿ ನಳಿಗೆಯನ್ನು ಪರೀಕ್ಷಿಸಿ, ತಡೆದುಕೊಂಡರೆ ಮಾತ್ರ ಮುದ್ರೆ ಒತ್ತುತ್ತಾರೆ. ಬೆಳೆಗಾರರ ಮೌಸರ್‌ನ ನಳಿಗೆಯ ಬುಡದಲ್ಲಿಯೂ ಇಂಥ ಮುದ್ರೆಗಳು ಇರಬಹುದು, ಒಮ್ಮೆ ನೋಡಲಿ. ಅದು ಯಾವ ದೇಶದಲ್ಲಿ ಪರೀಕ್ಷೆಗೊಳಗಾಯಿತು ಎಂಬುದನ್ನು ಆ ಮುದ್ರೆಗಳೇ ಹೇಳುತ್ತವೆ.

ಹಾಗೆಂದು ರೈಫಲ್ಲನ್ನು ಇಲ್ಲಿಗೆ ಕಳುಹಿಸಿ ಎಂದು ನಾನು ಸಲಹೆ ಕೊಡುವುದಿಲ್ಲ. ಹೊರಗೆ ಕಳುಹಿಸಲೂ ಮರಳಿ ತರಿಸಲೂ ಭಾರತದಲ್ಲಿ ಪ್ರತ್ಯೇಕ ಪರವಾನಗಿ ಬೇಕು, ಇಲ್ಲಿಯೂ ಬೇಕು. ಕಾಯುವ ಕಾಲವೂ ಬಹಳ; ಒಳ್ಳೆಯ ಕಮ್ಮಟಗಳಲ್ಲಿ ಒಂದು ವರ್ಷಕ್ಕೆ ಮೊದಲು ಕೆಲಸ ಮುಗಿಯುವುದು ಅಪರೂಪ.

ಪಟ್ಟಣದ ಇತಿಹಾಸ:

ಶಾಲೆ, ಮುದ್ರೆಗಳ ಮಾತು ಬಂದುದರಿಂದ ಒಂದು ಸಂಗತಿ. ಕುಶಲಕರ್ಮಿ ತನ್ನ ಕೆಲಸಕ್ಕೆ ಹೆಸರು ಹಾಕುವ ಪದ್ಧತಿ ನಮ್ಮ ಶ್ರೀರಂಗಪಟ್ಟಣದಲ್ಲಿಯೂ ಇತ್ತು. ಟಿಪ್ಪು ಸುಲ್ತಾನನ ಕಮ್ಮಟಗಳಲ್ಲಿ ತಯಾರಾದ ಚಕಮಕಿ ಕಲ್ಲಿನ ಕೋವಿಗಳ ಮೇಲೆ ಹುಲಿಯ ಮುಖ, ಹುಲಿಪಟ್ಟೆಗಳ ಜೊತೆಗೆ ತಯಾರಾದ ವರ್ಷ, ಊರು ಮತ್ತು ಮಾಡಿದವನ ಹೆಸರನ್ನೂ ಕೆತ್ತಲಾಗಿದೆ. 1793-94ರ ಒಂದು ಬೇಟೆಯ ಕೋವಿಯ ಮೇಲೆ ಅಸದ್ ಖಾನ್ ಮುಹಮ್ಮದ್ ಎಂಬ ಕರ್ಮಿಯ ಹೆಸರಿದೆ. 1799ರ ನಂತರ ಅವು ಯುದ್ಧದ ಲೂಟಿಯಾಗಿ ಇಂಗ್ಲೆಂಡಿಗೆ ಹೋದವು. ಉತ್ತರದಲ್ಲಿ ಮೀರ್ ಖಾಸಿಮ್ 1760ರ ದಶಕದಲ್ಲಿ ರಾಜಧಾನಿಯನ್ನು ಮುಂಗೇರ್‌ಗೆ ಸಾಗಿಸಿ ಕೋವಿ ತಯಾರಿಕೆಗೆ ಅಡಿಪಾಯ ಹಾಕಿದನು. ಆ ಊರಿನಲ್ಲಿ ಪರವಾನಗಿ ಉಳ್ಳ ಘಟಕಗಳು ನಮ್ಮ ಕಾಲದವರೆಗೂ ಉಳಿದುಕೊಂಡು ಬಂದಿವೆ, ಅಕ್ರಮ ತಯಾರಿಕೆಯಿಂದ ಆ ಊರಿಗೆ ಕೆಟ್ಟ ಹೆಸರು ಅಂಟಿಕೊಂಡಿದ್ದರೂ ಸಹ. ಬೆಳೆಗಾರರು ಯಾರಿಂದಲೇ ಕೆಲಸ ಮಾಡಿಸಲಿ, ಹಿಡಿಯ ಒಳಭಾಗದಲ್ಲಿ ಆ ಕರ್ಮಿಯ ಹೆಸರು ಮತ್ತು ವರ್ಷವನ್ನು ಬರೆಸಬೇಕೆಂದು ನನ್ನ ಕೋರಿಕೆ. ಮುಂದಿನ ತಲೆಮಾರಿನವರು ಯಾರನ್ನು ಹುಡುಕಬೇಕೆಂದು ಅದರಿಂದಲೇ ತಿಳಿಯುತ್ತದೆ.

ಬೇತ್ರಿ ಬೆಳೆಗಾರ:

ನಿಮ್ಮೆಲ್ಲರ ಮಾತುಗಳನ್ನು ಓದಿ ಬಹಳ ಕಲಿತೆ. ಲಗ್ ನೋಡಿದೆ, ಟೂಲ್‌ರೂಮ್ ಸರ್ ಹೇಳಿದಂತೆಯೇ ಅದರ ಹಿಂದಿನ ಮರ ನುಜ್ಜುಗುಜ್ಜಾಗಿದೆ. ಇನ್ನು ಎರಡು ಸಂದೇಹಗಳು ಉಳಿದಿವೆ. ನಳಿಗೆಯೊಳಗೆ ಅಲ್ಲಲ್ಲಿ ಸಣ್ಣ ತುಕ್ಕಿನ ಗುಳಿಗಳಿವೆ, ಅದನ್ನು ಬದಲಾಯಿಸಲೇಬೇಕೇ? ಹೊಸ ಹಿಡಿಗೆ ನಮ್ಮ ತೋಟದಲ್ಲೇ ಬಿದ್ದ ಬೀಟೆ ಮರದ ಹಲಗೆ ಬಳಸಬಹುದೇ? ಅಜ್ಜನ ತೋಟದ ಮರ ಅಜ್ಜನ ಕೋವಿಗೆ ಸೇರಿದರೆ ಚೆನ್ನ ಎಂಬ ಭಾವನೆ.

ಟೂಲ್‌ರೂಮ್ ನಿವೃತ್ತ:

ಭಾವನೆ ಅರ್ಥವಾಗುತ್ತದೆ, ಆದರೆ ಬೀಟೆ ಬೇಡ ಎಂಬುದು ನನ್ನ ಅಭಿಪ್ರಾಯ. ಬೀಟೆ ತೂಕದ ಮರ, ಬಿರುಸು ಹೆಚ್ಚು. ಒದೆತದ ಪೆಟ್ಟಿಗೆ ತೆಳುವಾದ ಕತ್ತಿನಲ್ಲಿ ಸೀಳುವ ಅಪಾಯವಿದೆ. ಆಕ್ರೋಟ್ ಮರವನ್ನು ಜಗತ್ತೆಲ್ಲ ಕೋವಿಗೆ ಬಳಸುವುದು ಅದರ ಅಂದಕ್ಕಾಗಿ ಮಾತ್ರವಲ್ಲ. ತೂಕ ಕಡಿಮೆ, ಪೆಟ್ಟು ತಡೆಯುತ್ತದೆ, ಉಳಿಗೆ ಮೃದುವಾಗಿ ಬಾಗುತ್ತದೆ, ಒಣಗಿದ ಮೇಲೆ ಆಕಾರ ಬದಲಿಸುವುದು ಕಡಿಮೆ. ಕಾಶ್ಮೀರದ ಆಕ್ರೋಟ್ ನಮ್ಮಲ್ಲಿ ಸಿಗುತ್ತದೆ. ನೋಡಬೇಕಾದ್ದು ಎರಡು ಸಂಗತಿಗಳು. ಹಲಗೆ ವರ್ಷಗಟ್ಟಲೆ ನೆರಳಿನಲ್ಲಿ ಒಣಗಿರಬೇಕು, ಮತ್ತು ಎಳೆಗಳು ಕತ್ತಿನ ಭಾಗದಲ್ಲಿ ಹಿಡಿಯ ಉದ್ದಕ್ಕೆ ನೇರವಾಗಿ ಹರಿದಿರಬೇಕು. ಚಿತ್ತಾರದ ಎಳೆಗಳು ಹಿಂತುದಿಯಲ್ಲಿದ್ದರೆ ಇರಲಿ, ಕತ್ತಿನಲ್ಲಿ ಬೇಡ. ನಿಮ್ಮ ಬೀಟೆಯನ್ನು ಮುಂತುದಿಯ ಮೂತಿಗೆ ಒಂದು ತುಂಡಾಗಿ ಕೂಡಿಸಬಹುದು, ಹಳೆಯ ರೈಫಲ್‌ಗಳಲ್ಲಿ ಅಲ್ಲಿ ಕರಿಮರ ಅಥವಾ ಕೊಂಬು ಇಡುತ್ತಿದ್ದರು. ಹಾಗೆ ಅಜ್ಜನ ತೋಟದ ಮರವೂ ಸೇರಿದಂತಾಗುತ್ತದೆ.

ಇನ್ನು ನಳಿಗೆ. ಹಳೆಯ ಕಾಲದ ತೋಟಾಗಳ ಕೇಪಿನಲ್ಲಿ ಸಿಡಿದ ಮೇಲೆ ಉಪ್ಪನ್ನು ಉಳಿಸುವ ರಾಸಾಯನಿಕ ಇರುತ್ತಿತ್ತು. ಆ ಉಪ್ಪು ಮಳೆಗಾಲದ ತೇವವನ್ನು ಎಳೆದುಕೊಂಡು ನಳಿಗೆಯನ್ನು ತಿನ್ನುತ್ತಿತ್ತು. ಎಣ್ಣೆಯಿಂದ ಅದು ಹೋಗುವುದಿಲ್ಲ, ಬಿಸಿನೀರಿನಿಂದ ತೊಳೆಯಬೇಕಾಗಿತ್ತು. ಗುಳಿಗಳಿದ್ದ ಮಾತ್ರಕ್ಕೆ ನಳಿಗೆ ಸತ್ತಿತು ಎನ್ನಲಾಗದು. ಪರವಾನಗಿ ಉಳ್ಳ ಕರ್ಮಿಯಿಂದ ಪರೀಕ್ಷಿಸಿ, ಸುರಕ್ಷಿತವೆಂದು ಬರಹದಲ್ಲಿ ಪಡೆದು, ಹೊಸ ಮರದೊಂದಿಗೆ ಗುರಿ ಹೇಗೆ ಕೂರುತ್ತದೆ ನೋಡಿ. ಮೂಲ ನಳಿಗೆ ಉಳಿದರೆ ಕಾನೂನು ಓದುಗರು ಹೇಳಿದ ತೊಡಕುಗಳೂ ಬರುವುದಿಲ್ಲ.

ಹತ್ತು ಮೀಟರ್:

ಒಂದು ಮಾತು ಸೇರಿಸುತ್ತೇನೆ. ಇಷ್ಟೆಲ್ಲ ಖರ್ಚು ಮಾಡುವ ಮುನ್ನ .275 ತೋಟಾ ಎಲ್ಲಿಂದ ಸಿಗುತ್ತದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. 1907ರಲ್ಲಿ ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕೆ ಜಿಮ್ ಕಾರ್ಬೆಟ್ ಅವರಿಗೆ ಕೊಟ್ಟ ರಿಗ್ಬಿ ರೈಫಲ್ ಇದೇ ಬೋರ್‌ನದು, ಆ ಕಾಲದಲ್ಲಿ ತೋಟಾ ಧಾರಾಳವಾಗಿ ಬರುತ್ತಿತ್ತು. ಈಗ ನಮ್ಮ ಸರ್ಕಾರಿ ಕಾರ್ಖಾನೆಗಳ ಸಾಮಾನ್ಯ ರೈಫಲ್ ತೋಟಾ ಎಂದರೆ .315, ಅದು ಬೇರೆಯೇ ಗಾತ್ರದ್ದು. ತೋಟಾ ಸಿಗದಿದ್ದರೆ ಅಭ್ಯಾಸವೇ ನಡೆಯುವುದಿಲ್ಲ.

ಬೇತ್ರಿ ಬೆಳೆಗಾರ:

ತಂದೆಯವರು ಇಟ್ಟಿದ್ದ ಒಂದಿಷ್ಟು ತೋಟಾ ದಾಖಲೆ ಸಮೇತ ಇದೆ, ಆದರೆ ಬಹಳ ಹಳೆಯದು. ಅದನ್ನು ಬಳಸದೆ ಪರವಾನಗಿ ಉಳ್ಳ ವ್ಯಾಪಾರಿಯ ಬಳಿ ವಿಚಾರಿಸುತ್ತೇನೆ. ಹೊಸ ನಳಿಗೆಯ ಯೋಚನೆಯನ್ನು ಬಿಟ್ಟಿದ್ದೇನೆ. ಮರದ ಕೆಲಸಕ್ಕೆ ದುರಸ್ತಿ ಪರವಾನಗಿ ಇರುವ ಇಬ್ಬರ ವಿಚಾರ ಕ್ಲಬ್ಬಿನ ಹಿರಿಯರಿಂದ ತಿಳಿಯಿತು. ಇಬ್ಬರನ್ನೂ ಕಂಡು, ಬಿರುಕಿನ ಕಾರಣ ಕೇಳಿ, ಒಳಗೆಲಸ ನೋಡಿ ತೀರ್ಮಾನಿಸುತ್ತೇನೆ. ಹಳೆಯ ಹಿಡಿಯನ್ನು ಅವರಿಗೇ ಕೊಟ್ಟುಬಿಡಬೇಕೇ?

ಟೂಲ್‌ರೂಮ್ ನಿವೃತ್ತ:

ಮಾದರಿಗಾಗಿ ಕೊಡಿ, ಆದರೆ ಕೆಲಸ ಮುಗಿದ ಮೇಲೆ ವಾಪಸ್ ಪಡೆಯುವುದಾಗಿ ರಸೀದಿಯಲ್ಲೇ ಬರೆಸಿಕೊಳ್ಳಿ. ಕೋವಿಯ ಸಂಖ್ಯೆ, ಬಿಟ್ಟ ದಿನಾಂಕ, ಮಾಡಬೇಕಾದ ಕೆಲಸ, ಮಾಡಬಾರದ ಕೆಲಸ, ಇವೂ ಅದರಲ್ಲಿರಲಿ. ನಳಿಗೆಯನ್ನು ಉಜ್ಜಬಾರದು, ಮುದ್ರೆಗಳ ಮೇಲೆ ಪಾಲಿಶ್ ಚಕ್ರ ಹಿಡಿಯಬಾರದು ಎಂದು ಸ್ಪಷ್ಟವಾಗಿ ಬರೆಯಿಸಿ. ಮಳೆ ನಿಂತು ಗಾಳಿ ಒಣಗಿದ ಮೇಲೆ, ಡಿಸೆಂಬರ್ ನಂತರ ಮರದ ಕೆಲಸ ಆರಂಭಿಸಲು ಹೇಳಿ. ಹಿಂದಿರುಗಿ ಬಂದಾಗ ಹಿಂತುದಿಯ ಪಟ್ಟಿಯನ್ನು ಬಿಚ್ಚಿಸಿ, ಅದರ ಕೆಳಗಿನ ಅಡ್ಡಗೊಯ್ತದ ಮರಕ್ಕೂ ಎಣ್ಣೆ ಕುಡಿಸಿದ್ದಾರೆಯೇ ಎಂದು ನೋಡಿ. ಜೂನ್ ತಿಂಗಳ ತೇವ ಒಳನುಗ್ಗುವುದು ಅಲ್ಲಿಂದಲೇ.